ಗೋಡೆಯ ಮೇಲಿನ ಇಂಜಿನ್ನು

ಫಿಟ್ಟರ್‌ಗೆ ಮಾತು ಹೋದದ್ದು ಒಂದು ಮಂಗಳವಾರ ಬೆಳಿಗ್ಗೆ, ಶೂ ಹಾಕಿಕೊಳ್ಳುವಾಗ. ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ಟೈಲರಮ್ಮನಿಗೆ ಧೊಪ್ಪೆಂದು ಏನೋ ಬಿದ್ದ ಸದ್ದು ಕೇಳಿಸಿತು. ಬಂದು ನೋಡಿದರೆ ಅವಳ ತಮ್ಮ ಫಿಟ್ಟರ್ ನೆಲದ ಮೇಲೆ ಕೂತಿದ್ದ. ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಬರೀ ಕಾಲುಚೀಲ.

"ಏನಾಯ್ತೋ?" ಎಂದಳು.

ಅವನು ಬಾಯಿ ತೆರೆದ. "ಚಾವಿ" ಎಂದ.

"ಯಾವ ಚಾವಿ? ಎದ್ದೇಳೋಕೆ ಆಗತ್ತಾ?"

"ಚಾವಿ, ಚಾವಿ."

ಏನು ಕೇಳಿದರೂ ಚಾವಿ. ಆಂಬುಲೆನ್ಸಿನಲ್ಲಿ ಅವನ ಪಕ್ಕ ಕೂತಾಗಲೂ ಅದೇ. ಗಾಬರಿಯಲ್ಲಿ ಬೀಗ ಹಾಕದೆ ಬಂದುಬಿಟ್ಟೆನೇನೋ ಎಂದು ಟೈಲರಮ್ಮ ಕೈಚೀಲ ತಡಕಿದಳು. ಚಾವಿ ಅಲ್ಲೇ ಇತ್ತು. ತೆಗೆದು ಅವನಿಗೆ ತೋರಿಸಿದಳು. ಅವನು ಅದನ್ನು ನೋಡಿ, ಇದಲ್ಲ ಎಂದು ತಲೆಯಾಡಿಸಿ, ಕಣ್ಣು ಮುಚ್ಚಿಕೊಂಡ.

ಅವರಿಬ್ಬರೂ ಒಂದೇ ಸೂರಿನಡಿ ಇದ್ದು ಇಪ್ಪತ್ತೆರಡು ವರ್ಷವಾಗಿತ್ತು. ಅವಳು ನಾಲ್ಕು ವರ್ಷಕ್ಕೆ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ತನ್ನ ಹೊಲಿಗೆ ಮಷೀನನ್ನೂ ಎರಡು ಪೆಟ್ಟಿಗೆಯನ್ನೂ ತೆಗೆದುಕೊಂಡು ತಮ್ಮನ ಮನೆಗೆ ಬಂದಿದ್ದಳು. ಅವನು ಮದುವೆಯ ಗೋಜಿಗೇ ಹೋಗಿರಲಿಲ್ಲ. ಕಾಗದದ ಕಾರ್ಖಾನೆಯೊಂದರ ಇಂಜಿನ್ ಮನೆಯಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದ. ಅಲ್ಲಿ ಅವನ ಅಜ್ಜನ ವಯಸ್ಸಿನ ಒಂದು ಉಗಿ ಇಂಜಿನ್ನಿತ್ತು. ಕರೆಂಟಿನ ಮೋಟಾರು ಬಂದು ಅದನ್ನು ಗುಜರಿಗೆ ಹಾಕುವವರೆಗೂ ಅದರ ಚಾಕರಿ ಇವನದೇ. ಆಮೇಲಿನ ಕೆಲವು ವರ್ಷ ಪಂಪುಗಳನ್ನು ನೋಡಿಕೊಂಡ. ನಿವೃತ್ತಿಯಾದ ಮೇಲೂ ಮೂರನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಯಾವ ಬಾಗಿಲೂ ಕಿರುಗುಟ್ಟಗೊಡುತ್ತಿರಲಿಲ್ಲ. ಎಲ್ಲ ಕೀಲುಗಳಿಗೂ ತಿಂಗಳಿಗೊಮ್ಮೆ ಎಣ್ಣೆ ಬೀಳುತ್ತಿತ್ತು.

ಸಂಜೆ ಊಟದ ಹೊತ್ತಿಗೆ ಅವನು ಕೆಲಸದ ಮಾತಾಡುತ್ತಿದ್ದ. ಅವಳು ಸಮವಸ್ತ್ರದ ಅಂಗಿಗಳಿಗೆ ಗುಂಡಿ ಹಚ್ಚುತ್ತ "ಹೂಂ, ಹೂಂ" ಎನ್ನುತ್ತಿದ್ದಳು. ಒಂದು ಮಾತೂ ತಲೆಗೆ ಹೋಗುತ್ತಿರಲಿಲ್ಲ. ಹೋಗಲೇಬೇಕೆಂದು ಇಬ್ಬರಿಗೂ ಅನಿಸಿರಲಿಲ್ಲ.

ಆಸ್ಪತ್ರೆಯಲ್ಲಿ ಸ್ಟ್ರೋಕ್ ಎಂದರು. ಒಂದು ತಿಂಗಳಿಗೆ ಅವನ ಜೋಲುಬಿದ್ದಿದ್ದ ಬಲಗೈ ಸರಿಹೋಯಿತು, ಕಾಲೂ ಸರಿಹೋಯಿತು. ನಾಲಿಗೆ ಮಾತ್ರ ದಾರಿಗೆ ಬರಲಿಲ್ಲ. "ಮಾತೆಲ್ಲ ಒಳಗೇ ಇದೆ. ಹೊರಗೆ ಬರೋ ದಾರಿ ಕೆಟ್ಟಿದೆ, ಅಷ್ಟೇ" ಎಂದರು ಡಾಕ್ಟರು. ಅಷ್ಟೇ ಎಂಬ ಮಾತನ್ನು ಅವರು ಎಷ್ಟು ಹಗುರಾಗಿ ಹೇಳಿದರೆಂದರೆ, ಟೈಲರಮ್ಮನಿಗೆ ಮೆಟ್ಟಿಲಿಳಿದು ಬಸ್‌ ಸ್ಟಾಪಿಗೆ ಬಂದ ಮೇಲೆ ಅದರ ಭಾರ ತಿಳಿಯಿತು.

ಎರಡೇ ಎರಡು ಸಂಗತಿ ಕೆಡದೆ ಉಳಿದಿದ್ದವು. ಒಂದರಿಂದ ಇಪ್ಪತ್ತರವರೆಗೆ ಗಡಗಡನೆ ಎಣಿಸುತ್ತಿದ್ದ. ಮತ್ತೆ, ಸಿಟ್ಟು ಬಂದಾಗ "ಹಾಳಾದ್ದು!" ಎಂಬುದು ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಬರುತ್ತಿತ್ತು. ನೋಡಲು ಬಂದ ಕಾರ್ಖಾನೆಯ ಹಳೆಯ ಮೇಸ್ತ್ರಿ "ಹೇಗಿದೀಯಪ್ಪಾ?" ಎಂದು ಕೈ ಹಿಡಿದಾಗ ಫಿಟ್ಟರ್ ಹೇಳಿದ್ದೂ ಅದನ್ನೇ. ಮೇಸ್ತ್ರಿ ಪೆಚ್ಚಾಗಿ ನಕ್ಕು, ತಂದಿದ್ದ ಹಣ್ಣಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಮತ್ತೆ ಬರಲಿಲ್ಲ.

ಸೋಮವಾರ ಮತ್ತು ಗುರುವಾರ ಮಾತು ಕಲಿಸುವ ಮೇಡಂ ಹತ್ತಿರ ಹೋಗಬೇಕೆಂದು ನಿಗದಿಯಾಯಿತು. ಮೇಡಂಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅವರ ಕೋಣೆ ಹಿಂಭಾಗದ ಓಣಿಯ ಕೊನೆಯಲ್ಲಿ, ಎಕ್ಸ್-ರೇ ಕೋಣೆಯ ಪಕ್ಕ. ಒಂದು ಮೇಜು, ಮೂರು ಕುರ್ಚಿ, ಚಿತ್ರದ ಕಾರ್ಡು ತುಂಬಿದ ಒಂದು ಬಿಸ್ಕತ್ತಿನ ಡಬ್ಬಿ. ಮೇಡಂ ಕೂರುವ ಕುರ್ಚಿಯ ಹಿಂದಿನ ಗೋಡೆಯ ಮೇಲೆ ಕಪ್ಪು ಮರದ ಚೌಕಟ್ಟಿನಲ್ಲಿ ಒಂದು ಹಳೆಯ ಚಿತ್ರ. ಆ ಕೋಣೆಯಲ್ಲಿ ಮೊದಲು ಇದ್ದ ಮೂಳೆ ಡಾಕ್ಟರು ಬಿಟ್ಟುಹೋದದ್ದಂತೆ.

ವಿಕ್ಟೋರಿಯಾ ರಾಣಿಯ ಕಾಲದ ಯಾವುದೋ ಕೈಗಾರಿಕಾ ಪ್ರದರ್ಶನದ ನೋಟ ಅದು. ಕೂದಲೆಳೆಯಂಥ ಕಪ್ಪು ಗೆರೆಗಳಲ್ಲಿ ಅಚ್ಚು ಹಾಕಿದ್ದು. ಗಾಜಿನ ಸೂರಿನ ಭಾರಿ ಸಭಾಂಗಣ. ನಟ್ಟನಡುವೆ, ಹಗ್ಗದ ಬೇಲಿಯೊಳಗೆ, ಇಬ್ಬರು ಆಳಿನಷ್ಟು ಎತ್ತರದ ಒಂದು ಉಗಿ ಇಂಜಿನ್ನು. ಸುತ್ತಲೂ ಕೊಳವೆ, ಹಲ್ಲಿನ ಚಕ್ರ, ಸರಪಳಿಗಳನ್ನು ಅಂಗಡಿಯ ಸಾಮಾನಿನ ಹಾಗೆ ಜೋಡಿಸಿಟ್ಟಿದ್ದರು. ಹಗ್ಗದಾಚೆ ಬೋರಲು ಹಾಕಿದ ಬುಟ್ಟಿಯಂಥ ಲಂಗದ ಹೆಂಗಸರು, ಉದ್ದ ಟೋಪಿಯ ಗಂಡಸರು. ಅರ್ಧ ಜನ ಇಂಜಿನ್ನನ್ನು ನೋಡುತ್ತಿದ್ದರೆ ಇನ್ನರ್ಧ ಜನ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಕಂಪನಿಯ ಹೆಸರು. ಗಾಜಿನೊಳಗೆ ಎಡಮೂಲೆಯಲ್ಲಿ ನೀರಿಳಿದ ಕಂದು ಕಲೆ.

ಮೇಡಂ ಒಂದೊಂದೇ ಕಾರ್ಡು ಎತ್ತಿ ಹಿಡಿಯುತ್ತಿದ್ದರು. "ಇದೇನು ಸರ್?"

ಬೆಕ್ಕಿಗೆ ಅವನು "ಸೋಮವಾರ" ಎಂದ. ಬಾಚಣಿಗೆಗೆ "ಚಾವಿ". ಲೋಟಕ್ಕೆ ಬಹಳ ಹೊತ್ತು ತಿಣುಕಿ "ಲೋ... ಲೋ... ಲಾರಿ". ಮೇಡಂ ಒಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತ ಟೈಲರಮ್ಮ ತುಟಿಯಲ್ಲೇ ಉತ್ತರ ಹೇಳಿಕೊಡುತ್ತಿದ್ದಳು. "ಅಮ್ಮಾ, ನೀವು ಹೇಳಿಕೊಡಬಾರದು" ಎಂದು ಮೇಡಂ ನಗುತ್ತಲೇ ಗದರಿಸಿದರು.

ಮೂರನೇ ವಾರದ ಗುರುವಾರ ಮೇಡಂ ಕೊಡೆಯ ಕಾರ್ಡು ತೋರಿಸಿದರು. ಫಿಟ್ಟರ್ ಕಾರ್ಡು ನೋಡುತ್ತಿರಲಿಲ್ಲ. ಅವರ ಹೆಗಲ ಮೇಲಿಂದ ಗೋಡೆ ನೋಡುತ್ತಿದ್ದ.

"ಗವರ್ನರ್" ಎಂದ.

ತೊದಲಿಲ್ಲ, ತಡವರಿಸಲಿಲ್ಲ. ಟೈಲರಮ್ಮ ಥಟ್ಟನೆ ಅವನ ಕಡೆ ತಿರುಗಿದಳು. ಆ 'ಹಾಳಾದ್ದು' ಬಿಟ್ಟರೆ, ಹೀಗೆ ಪೂರ್ತಿಯಾಗಿ, ಹಳೆಯ ದನಿಯಲ್ಲಿ ಅವನು ಒಂದು ಮಾತಾಡಿ ಎರಡು ತಿಂಗಳಾಗಿತ್ತು.

"ಇಲ್ಲ ಸರ್, ಇದು ಕೊಡೆ. ಮಳೆ ಬಂದ್ರೆ ಹಿಡ್ಕೊಳ್ತೀವಲ್ಲ? ಕೊ... ಡೆ."

"ಗವರ್ನರ್!" ಕೈ ಎತ್ತಿ ತೋರಿಸಿದ.

ಮೇಡಂ ತಿರುಗಿ ಚಿತ್ರ ನೋಡಿದರು. "ಓ, ಆ ಚಿತ್ರಾನಾ? ಹೌದು ಸರ್, ಗವರ್ನರೂ ಬಂದಿರಬಹುದು. ದೊಡ್ಡದೊಡ್ಡವರೆಲ್ಲ ಇದಾರೆ. ಈಗ ಇದನ್ನ ನೋಡೋಣ." ಮತ್ತೆ ಕೊಡೆ ಎತ್ತಿದರು. ಕಾಗದದ ಮೇಲೆ 'ಸಂಬಂಧವಿಲ್ಲದ ಮಾತು' ಎಂದು ಬರೆದುಕೊಂಡದ್ದು ಟೈಲರಮ್ಮನಿಗೂ ಕಾಣಿಸಿತು, ಫಿಟ್ಟರ್‌ಗೂ ಕಾಣಿಸಿತು.

ಅವನ ಕತ್ತು ಕೆಂಪೇರಿತು. ಎದ್ದು ನಿಂತ. ಕೊನೆಗೆ ದಾರಿ ಸಿಕ್ಕ ಒಂದೇ ಮಾತು ಹೊರಗೆ ಬಂತು. "ಹಾಳಾದ್ದು! ಹಾಳಾದ್ದು!" ಮೇಜಿನ ಮೇಲೆ ಗುದ್ದಿದ. ಬಿಸ್ಕತ್ತಿನ ಡಬ್ಬಿ ಉರುಳಿ ಬೆಕ್ಕು, ಬಾಚಣಿಗೆ, ಲೋಟ ಎಲ್ಲ ನೆಲದ ಪಾಲಾದವು. ಮೇಡಂ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು.

ಬಸ್ಸಿನಲ್ಲಿ ಟೈಲರಮ್ಮ ಮುಖ ಸಿಂಡರಿಸಿಕೊಂಡೇ ಕೂತಳು. "ಮಗಳ ವಯಸ್ಸಿನ ಹುಡುಗಿ ಕಣೋ ಅದು. ನಿಂಗೋಸ್ಕರ ಅಷ್ಟು ಕಷ್ಟಪಡ್ತಿದೆ." ಅವನು ಕಿಟಕಿಯ ಕಡೆ ತಿರುಗಿಕೊಂಡ. ಸೋಮವಾರ ಬೆಳಿಗ್ಗೆ ಅವಳು ಶೂ ತಂದು ಮುಂದಿಟ್ಟರೆ ಅದನ್ನು ಎತ್ತಿಕೊಂಡು ಹೋಗಿ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ. ಗುರುವಾರವೂ ಅಷ್ಟೇ.

ಆ ದಿನಗಳಲ್ಲಿ ಮನೆ ನೀರೊಳಗೆ ಮುಳುಗಿದಂತಿತ್ತು. ಅವನು ಕಿಟಕಿಯ ಹತ್ತಿರ ಕೂತರೆ ಕೂತೇ. ಅವಳು ಮಷೀನಿನ ಮುಂದೆ ಕೂತು ಸುಮ್ಮಸುಮ್ಮನೆ ಪೆಡಲು ತುಳಿಯುತ್ತಿದ್ದಳು, ಒಂದು ಸದ್ದಾದರೂ ಇರಲಿ ಎಂದು. ಮುಂಚೆ ಅವನು ಆಡುತ್ತಿದ್ದ ಮಾತು ಕೇಳದಿದ್ದರೂ ಅದು ಮನೆಯಲ್ಲಿ ಇತ್ತು, ಹಿಂದಿನ ಕೋಣೆಯಲ್ಲಿ ಉರಿಯುವ ದೀಪದ ಹಾಗೆ. ಈಗ ಎಷ್ಟು ಕಿವಿಗೊಟ್ಟರೂ ಏನೂ ಇಲ್ಲ.

ಮರುವಾರ ಅವಳೊಬ್ಬಳೇ ಆಸ್ಪತ್ರೆಗೆ ಹೋದಳು, ಕ್ಷಮೆ ಕೇಳಿ, ಇನ್ನು ಬರುವುದಿಲ್ಲ ಎಂದು ಹೇಳಿಬಿಡೋಣವೆಂದು. ಮೇಡಂ ಇನ್ನೊಬ್ಬ ರೋಗಿಯ ಜೊತೆ ಎಲ್ಲೋ ಹೋಗಿದ್ದರು. "ಒಳಗೇ ಕೂತಿರಿ" ಎಂದಳು ನರ್ಸು. ಟೈಲರಮ್ಮ ತನ್ನ ತಮ್ಮ ಯಾವಾಗಲೂ ಕೂರುತ್ತಿದ್ದ ಕುರ್ಚಿಯಲ್ಲಿ ಕೂತಳು. ಎದುರಿಗೆ ಆ ಚಿತ್ರ. ಬೇರೆ ನೋಡಲು ಏನೂ ಇರಲಿಲ್ಲವಾದ್ದರಿಂದ ಅದನ್ನೇ ನೋಡಿದಳು. ಮೊದಲು ಲಂಗಗಳ ಹೊಲಿಗೆ ನೋಡಿದಳು, ಎಷ್ಟು ಗಜ ಬಟ್ಟೆ ಬೇಕಾಗಿರಬಹುದು ಎಂದು ಲೆಕ್ಕ ಹಾಕಿದಳು. ಆಮೇಲೆ ಇಂಜಿನ್ನು ನೋಡಿದಳು. ಇಂಥದ್ದೇ ಒಂದರ ಮುಂದೆ ಅವನು ಮೂವತ್ತು ಚಿಲ್ಲರೆ ವರ್ಷ ನಿಂತಿದ್ದನಲ್ಲವೆ?

ಆಗ ಥಟ್ಟನೆ ನೆನಪಾಯಿತು. ಅವಳು ಈ ಮನೆಗೆ ಬಂದ ಹೊಸತು. ಒಂದು ಸಂಜೆ ಅವನು ಕೈ ತೊಳೆಯುತ್ತ "ಗವರ್ನರ್ ಕೆಟ್ಟು ಕೂತಿದೆ, ಮೂರು ದಿನದಿಂದ ಒದ್ದಾಡ್ತಿದೀವಿ" ಎಂದಿದ್ದ. ಅವಳು ಎಂದಿನಂತೆ ಹೂಂಗುಟ್ಟಿದ್ದಳು. ಮಾರನೇ ದಿನ ಹೊಲಿಗೆ ಅಂಗಡಿಯಲ್ಲಿ "ನಮ್ಮ ಗವರ್ನರ್‌ಗೆ ಏನೋ ಕಾಯಿಲೆಯಂತೆ, ಮೂರು ದಿನ ಆಯ್ತಂತೆ" ಎಂದು ಸುದ್ದಿ ಹೇಳಿದ್ದಳು. ಯಾರೂ ಅದನ್ನು ಕೇಳಿರಲಿಲ್ಲ, ಪೇಪರಿನಲ್ಲೂ ಬಂದಿರಲಿಲ್ಲ. ಮನೆಗೆ ಬಂದು ಕೇಳಿದರೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಅದು ಇಂಜಿನ್ನಿನ ಭಾಗ. ಎರಡು ಗುಂಡು ಇರತ್ತೆ, ಗಿರಗಿರ ತಿರುಗತ್ತೆ. ಇಂಜಿನ್ನು ಜೋರಾಗಿ ಓಡಿದ್ರೆ ಕಿವಿ ಹಿಂಡಿ ನಿಧಾನ ಮಾಡತ್ತೆ" ಎಂದಿದ್ದ.

ಟೈಲರಮ್ಮ ಎದ್ದು ಕನ್ನಡಕ ಹಾಕಿಕೊಂಡು ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದಳು. ಇಂಜಿನ್ನಿನ ಮೇಲ್ಭಾಗದಲ್ಲಿ ಸಣ್ಣ ಕಂಬ. ಅದರ ಎರಡು ಕಡೆ, ಬಾಗಿದ ತೋಳುಗಳ ತುದಿಯಲ್ಲಿ, ಹುರಿಗಡಲೆ ಗಾತ್ರದ ಎರಡು ಗುಂಡುಗಳು.

ಮೇಡಂ ಬಂದಾಗ ಅವಳು ಇನ್ನೂ ಗೋಡೆಗೆ ಅಂಟಿಕೊಂಡೇ ನಿಂತಿದ್ದಳು. "ಮೇಡಂ, ಅವನು ಹೇಳಿದ್ದು ಸರಿ. ಇದು ಗವರ್ನರ್ರು. ನೋಡಿ, ಇದು, ಈ ಗುಂಡು." ಮೇಡಂ ಕಣ್ಣುಕಣ್ಣು ಬಿಟ್ಟರು. ಅವಳು ಹಳೆಯ ಕಥೆಯನ್ನೆಲ್ಲ ಹೇಳಿದಳು. ಮೇಡಂ ನಗಲಿಲ್ಲ. ಫೈಲು ತೆಗೆದು, ಆ ದಿನದ ಹಾಳೆ ಹುಡುಕಿ, ತಾವು ಬರೆದಿದ್ದನ್ನು ಗೀಟು ಎಳೆದು ಹೊಡೆದುಹಾಕಿದರು. "ಎರಡು ತಿಂಗಳಲ್ಲಿ ಅವರು ಹೇಳಿದ ಒಂದೇ ಒಂದು ಸರಿಯಾದ ಮಾತು. ನಾನೇ ತಪ್ಪು ಅಂದುಬಿಟ್ಟೆ" ಎಂದರು. "ಒಂದು ಸಲ ಕರ್ಕೊಂಡು ಬನ್ನಿ ಅಮ್ಮಾ. ನಾನು ಕ್ಷಮೆ ಕೇಳ್ತೀನಿ."

ಮನೆಗೆ ಬಂದು ಟೈಲರಮ್ಮ ಶೂ ಎತ್ತಿಕೊಂಡು ಅವನ ಮುಂದೆ ಕೂತಳು. "ಗವರ್ನರ್ ಅಂದ್ರೆ ಆ ಎರಡು ಗುಂಡು ತಾನೇ? ನಂಗೆ ನೆನಪಾಯ್ತು. ಮೇಡಂಗೂ ಹೇಳಿದೀನಿ." ಅವನು ಕಾಲು ಮುಂದಕ್ಕೆ ಚಾಚಿದ.

ಆ ಗುರುವಾರ ಮೇಡಂ ಬಿಸ್ಕತ್ತಿನ ಡಬ್ಬಿ ತೆಗೆಯಲೇ ಇಲ್ಲ. ಇಬ್ಬರು ಹೆಂಗಸರೂ ಸೇರಿ ಚಿತ್ರವನ್ನು ಮೊಳೆಯಿಂದಿಳಿಸಿ, ಧೂಳೊರೆಸಿ, ಮೇಜಿನ ಮೇಲೆ ಮಲಗಿಸಿದರು. "ನಂಗೆ ಇದರ ಗಂಧಗಾಳಿ ಇಲ್ಲ ಸರ್. ಇವತ್ತು ನೀವೇ ಮೇಷ್ಟ್ರು" ಎಂದರು ಮೇಡಂ.

ಫಿಟ್ಟರ್ ಗಾಜಿನ ಮೇಲೆ ಬೆರಳಿಟ್ಟ. ದೊಡ್ಡ ಚಕ್ರದ ಸುತ್ತ ಬೆರಳು ಒಂದು ಸುತ್ತು ಬಂತು. "ಫ್ಲೈ... ಫ್ಲೈವೀಲ್." ಬೆರಳು ಸರಿಯಿತು. "ಕ್ರ್ಯಾಂಕ್." ಮತ್ತೆ ಸರಿಯಿತು. "ಪಿಸ್ಟನ್. ವಾಲ್ವ್." ಕೆಲವಕ್ಕೆ ತಿಣುಕಿದ, ಕೆಲವಕ್ಕೆ ತಪ್ಪಿದ, ತಪ್ಪಿದ್ದು ತನಗೇ ತಿಳಿದು ತಲೆಯಾಡಿಸಿ ಮತ್ತೆ ಹಿಡಿದ. ಬೆರಳು ಗವರ್ನರ್‌ನ ಬುಡಕ್ಕೆ ಬಂದು ನಿಂತಿತು. ಅವನು ಬಗ್ಗಿ ನೋಡಿದ, ಚೌಕಟ್ಟನ್ನು ಬೆಳಕಿನ ಕಡೆ ತಿರುಗಿಸಿ ನೋಡಿದ. ಅವನ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾನೇನೋ ಎಂದು ಟೈಲರಮ್ಮ ಗಾಬರಿಯಾದಳು. ಅವನು ನಗುತ್ತಿದ್ದ.

"ಬೆಲ್ಟ್" ಎಂದ. "ಬೆಲ್ಟ್... ಇಲ್ಲ!"

ಗವರ್ನರನ್ನು ತಿರುಗಿಸಲು ಚಕ್ರದಿಂದ ಒಂದು ಬೆಲ್ಟ್ ಬರಬೇಕು. ಚಿತ್ರ ಬರೆದವನು ಅದನ್ನು ಬಿಟ್ಟಿದ್ದ. ಮರೆತನೋ, ಅಥವಾ ಪ್ರದರ್ಶನದಲ್ಲೇ ಇಂಜಿನ್ನನ್ನು ಓಡಿಸದೆ ಬರೀ ಮಿರಮಿರ ಮಿಂಚುವಂತೆ ಒರೆಸಿ ನಿಲ್ಲಿಸಿದ್ದರೋ. ಅಂತೂ ಅಷ್ಟು ಜನ ಅಷ್ಟು ಶೃಂಗಾರ ಮಾಡಿಕೊಂಡು ಬಂದು ನೋಡುತ್ತಿದ್ದದ್ದು ಓಡದ ಇಂಜಿನ್ನನ್ನು. ಇದನ್ನು ಕೈಸನ್ನೆಯಲ್ಲಿ, ಅರ್ಧ ಮಾತಿನಲ್ಲಿ, ಎರಡು 'ಹಾಳಾದ್ದು'ಗಳ ಸಹಾಯದಿಂದ ಅವನು ಹೇಳಿ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಮೇಡಂ ಕಣ್ಣೊರೆಸಿಕೊಂಡು ನಕ್ಕರು. "ಸ್ಟ್ರೋಕ್ ಆದ ಮೇಲೆ ಎರಡು ಮಾತು ಕೂಡಿಸಿದ್ದು ಇದೇ ಮೊದಲು" ಎಂದು ಫೈಲಿನಲ್ಲಿ ಬರೆದು, ಕೆಳಗೆ ಗೆರೆ ಎಳೆದರು.

ಅಲ್ಲಿಂದ ಮುಂದೆ ಪ್ರತಿ ಪಾಠಕ್ಕೂ ಚಿತ್ರ ಮೇಜಿನ ಮೇಲೆ. ಎರಡು ತಿಂಗಳಲ್ಲಿ ಅವನ ಬಾಯಲ್ಲಿ ನಲವತ್ತರಷ್ಟು ಮಾತು ನೆಟ್ಟಗಾದವು. ಬೋಲ್ಟು, ಬೇರಿಂಗು, ಗ್ರೀಸು, ಸೀಟಿ, ಉಗಿ. ಟೈಲರಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದಳು. ಹಿಂದೆ ಊಟದ ಹೊತ್ತಿನಲ್ಲಿ ಕಿವಿಗೆ ಹಾಕಿಕೊಳ್ಳದೆ ಬಿಟ್ಟಿದ್ದೆಲ್ಲ ಈಗ ಒಂದೊಂದಾಗಿ, ಅಷ್ಟು ಕಷ್ಟದಿಂದ, ಮತ್ತೆ ಬರುತ್ತಿತ್ತು.

ಆದರೆ ಮನೆಯ ಮಾತು ಬರಲಿಲ್ಲ. ತಟ್ಟೆ, ನೀರು, ಹಾಸಿಗೆ ಇವೆಲ್ಲ ಎಷ್ಟು ಉಜ್ಜಿದರೂ ಜಾರಿಹೋಗುತ್ತಿದ್ದವು. ಒಂದು ಮಧ್ಯಾಹ್ನ ಒಲೆಯ ಮೇಲಿನ ಹಾಲು ಉಕ್ಕುವುದನ್ನು ಕಂಡು ಅವಳನ್ನು ಕರೆಯಲು ಅವನು "ಕ್ರ್ಯಾಂಕ್! ಏ ಕ್ರ್ಯಾಂಕ್!" ಎಂದು ಕೂಗಿದ. ಅವಳು ಓಡಿ ಬಂದು ಒಲೆ ಆರಿಸಿದಳು. ಇಬ್ಬರೂ ನಕ್ಕರು. ಅವನು ಹೊರಗೆ ಹೋದ ಮೇಲೆ ಅವಳು ಒದ್ದೆ ಬಟ್ಟೆ ಹಿಡಿದುಕೊಂಡು ಒಲೆಯ ಮುಂದೆ ನಿಂತೇ ಇದ್ದಳು.

ಮುಂದಿನ ಪಾಠದಲ್ಲಿ ಫಿಟ್ಟರ್ ಕೈ ತೊಳೆಯಲು ಹೊರಗೆ ಹೋಗಿದ್ದಾಗ ಅವಳು ಮೇಡಂ ಹತ್ತಿರ ಅದನ್ನು ಹೇಳಿದಳು. "ಇಂಜಿನ್ನಿನ ತಿರುಪು ತಿರುಪಿನ ಹೆಸರೂ ಬರತ್ತೆ. ನನ್ನನ್ನ ಕರೆಯೋಕೆ ಬರಲ್ಲ."

"ಅಭ್ಯಾಸ ಮಾಡಿಸೋಣ ಅಮ್ಮಾ. ಹೆಚ್ಚು ಬಳಸಿದ ಮಾತು ಸುಲಭವಾಗಿ ವಾಪಸ್ ಬರತ್ತೆ" ಎಂದು ಮೇಡಂ ಪೆನ್ನು ತೆಗೆದರು. "ಮುಂಚೆ ಮನೇಲಿ ನಿಮ್ಮನ್ನ ಏನಂತ ಕರೀತಿದ್ರು? ಅಕ್ಕ ಅಂತಾನಾ, ಹೆಸರಿಟ್ಟಾ?"

ಟೈಲರಮ್ಮ ಬಾಯಿ ತೆರೆದಳು. ಚಿಕ್ಕವನಿದ್ದಾಗ ಅಕ್ಕಾ ಎನ್ನುತ್ತ ಹಿಂದೆ ಬೀಳುತ್ತಿದ್ದ, ಅದು ನೆನಪಿತ್ತು. ಆಮೇಲೆ ಅವಳಿಗೆ ಮದುವೆಯಾಯಿತು, ಅವನು ಕಾರ್ಖಾನೆ ಸೇರಿದ. ಇಪ್ಪತ್ತೆರಡು ವರ್ಷ ಜೊತೆಗಿದ್ದ ಮನೆಯಲ್ಲಿ? "ಇಲ್ನೋಡು." "ಬಾಗಿಲು ಹಾಕ್ಕೋ." "ಊಟಕ್ಕಿಡು." ಇದ್ದವರೇ ಇಬ್ಬರು, ಯಾರಿಗೆ ಹೇಳುತ್ತಿದ್ದಾನೆ ಎಂಬ ಗೊಂದಲವೇ ಇರಲಿಲ್ಲ. ಅವಳು ನೆನಪಿನ ಮೂಲೆಮೂಲೆ ತಡಕಿದಳು. ಒಂದು ಸಲವಾದರೂ ಕರೆದದ್ದು ಸಿಗಲಿಲ್ಲ.

"ಏನೂ ಕರೀತಿರಲಿಲ್ಲ" ಎಂದಳು.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಬರೆಯಲು ಏನೂ ಇರಲಿಲ್ಲ.

ಮಾತು ಕಳೆದುಕೊಂಡದ್ದು ತಮ್ಮ ಮಾತ್ರ ಎಂದು ಅವಳು ಇಷ್ಟು ದಿನ ತಿಳಿದಿದ್ದಳು. ಆ ದಿನ ಬಸ್ಸಿನಲ್ಲಿ, ತೂಕಡಿಸುತ್ತಿದ್ದ ಅವನ ತಲೆ ತನ್ನ ಹೆಗಲಿಗೆ ತಾಗುತ್ತಿರುವಾಗ, ಹಾಗಲ್ಲ ಎಂದು ಅವಳಿಗೆ ಅನಿಸಿತು. ಸಿಟ್ಟು ಬರಲಿಲ್ಲ. ತಾನೂ ಬರೀ ಹೂಂಗುಟ್ಟಿದವಳೇ ಅಲ್ಲವೆ?

ಚಳಿಗಾಲ ಮುಗಿಯುವ ಹೊತ್ತಿಗೆ ಒಬ್ಬೊಬ್ಬರಿಗೆ ಹೇಳಿಕೊಡುವ ಪಾಠ ಮುಗಿಯಿತು. ಮೇಡಂ ಅವನನ್ನು ಗುರುವಾರದ ಗುಂಪಿಗೆ ಸೇರಿಸಿದರು. ಅಲ್ಲಿ ಅವನಂತೆಯೇ ಮಾತು ಕೆಟ್ಟ ಆರು ಜನ. ಮನೆಯವರು ಒಳಗೆ ಬರುವಂತಿಲ್ಲ. ಚಿತ್ರವನ್ನು ಅಲ್ಲಿಗೂ ಒಯ್ಯುತ್ತಾರೆ, ಎಲ್ಲರೂ ಸುತ್ತ ಕೂತು ತಮಗೆ ತೋಚಿದ್ದು ಹೇಳುತ್ತಾರೆ ಎಂದು ಟೈಲರಮ್ಮ ಮೇಡಂರಿಂದ ಕೇಳಿದಳು. ಹಿಂದೆ ಬ್ಯಾಂಕಿನಲ್ಲಿದ್ದ ಒಬ್ಬಾಕೆಗೆ ಬಣ್ಣಗಳ ಹೆಸರು ಬಿಟ್ಟರೆ ಬೇರೇನೂ ಬರುವುದಿಲ್ಲವಂತೆ. ಆಕೆ ಕಪ್ಪು ಬಿಳುಪಿನ ಚಿತ್ರದ ಲಂಗಗಳಿಗೆಲ್ಲ ಬಣ್ಣ ಹೇಳುತ್ತಾಳಂತೆ. ಫಿಟ್ಟರ್ ಆಕೆಗೆ ಪಿಸ್ಟನ್ ತೋರಿಸುತ್ತಾನಂತೆ, ಆಕೆ "ನೀಲಿ" ಎನ್ನುತ್ತಾಳಂತೆ. ಇಬ್ಬರೂ ಬಿದ್ದುಬಿದ್ದು ನಗುತ್ತಾರಂತೆ.

ಅವನು ಈಗ ಗುರುವಾರ ಬೆಳಿಗ್ಗೆ ತಾನೇ ಬೇಗ ಎದ್ದು, ಗಡ್ಡ ಹೆರೆದುಕೊಂಡು, ಒಬ್ಬನೇ ಬಸ್ಸು ಹತ್ತಿ ಹೋಗತೊಡಗಿದ. ಹೋಗುವಾಗ ಬಾಗಿಲಲ್ಲಿ ನಿಂತು ಕೈಯೆತ್ತುತ್ತಿದ್ದ. ಅವಳು ಕಿಟಕಿಯಿಂದ ನೋಡುತ್ತಿದ್ದಳು. ಬಸ್ಸು ತಿರುವು ದಾಟಿದ ಮೇಲೆ ಮನೆಯೊಳಗೆ ತಿರುಗಿದರೆ ಎರಡು ಕೋಣೆಯೂ ಅವಳಿಗೇ. ಮೊದಲ ಗುರುವಾರ ಕಪಾಟು ಒರೆಸಿದಳು. ಎರಡನೆಯದಕ್ಕೆ ಪರದೆ ಬಿಚ್ಚಿ ಮತ್ತೆ ಹೊಲಿದಳು. ಮೂರನೆಯ ಗುರುವಾರ ಮಾಡಲು ಏನೂ ಉಳಿಯಲಿಲ್ಲ. "ಈಗೇನು ಮಾಡ್ಲಿ?" ಎಂದು ಗಟ್ಟಿಯಾಗಿ ಅಂದಳು. ತನ್ನ ದನಿಗೆ ತಾನೇ ಬೆಚ್ಚಿದಳು.

ಆಮೇಲೆ ಕೂದಲು ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ, ಎದುರು ಮನೆಯ ಬಾಗಿಲು ತಟ್ಟಿದಳು. ಅಲ್ಲಿ ಶಾಲೆಯಿಂದ ನಿವೃತ್ತಳಾದ ಟೀಚರೊಬ್ಬಳಿದ್ದಳು, ಒಂಟಿ. ಮೂರು ವರ್ಷದಿಂದ ಮೆಟ್ಟಿಲಲ್ಲಿ ಎದುರಾದಾಗ ತಲೆಯಾಡಿಸುವಷ್ಟೇ ಪರಿಚಯ. ಬಾಗಿಲು ಸರಪಳಿಯಷ್ಟಗಲ ತೆರೆಯಿತು.

"ಏನಾದ್ರೂ ಬೇಕಿತ್ತಾ?"

ಸಕ್ಕರೆ ಎನ್ನಬಹುದಿತ್ತು, ಬೆಂಕಿಪೊಟ್ಟಣ ಎನ್ನಬಹುದಿತ್ತು. ಟೈಲರಮ್ಮನಿಗೆ ಆ ಕ್ಷಣ ಒಂದು ನೆಪವೂ ನಾಲಿಗೆಗೆ ಬರಲಿಲ್ಲ.

"ಏನೂ ಬೇಡ" ಎಂದಳು. "ಮನೇಲಿ ಒಬ್ಬಳೇ ಇದ್ದೆ. ಹಾಗೇ ಬಂದೆ."

ಟೀಚರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಳಗೆ ರೇಡಿಯೋದಲ್ಲಿ ಯಾರೋ ಹವಾಮಾನ ಹೇಳುತ್ತಿದ್ದರು. ಬಾಗಿಲು ಮುಚ್ಚಿತು, ಸರಪಳಿ ಕಳಚುವ ಸದ್ದಾಯಿತು, ಮತ್ತೆ ಪೂರ್ತಿ ತೆರೆಯಿತು. ಟೈಲರಮ್ಮ ಒಳಗೆ ಹೋಗಿ, ಪುಸ್ತಕದ ರಾಶಿ ಸರಿಸಿ ತೆರವು ಮಾಡಿಕೊಟ್ಟ ಕುರ್ಚಿಯ ಅಂಚಿನಲ್ಲಿ ಕೂತಳು. ಟೀಚರು ಹೋಗಿ ರೇಡಿಯೋ ಆರಿಸಿ ಬಂದು ಎದುರಿಗೆ ಕೂತಳು. "ನಿಮ್ಮನ್ನ ಏನಂತ ಕರೀಲಿ?" ಎಂದಳು ಟೈಲರಮ್ಮ.